ಹೆಸರು ಕೇಳದ ಪೆಟ್ಟಿಗೆ

ಟಾಚೊ ಗಸ್ತೆಲುಮ್ ಯಾವುದನ್ನೂ ಎಸೆದವನಲ್ಲ. ಅವನ ಅಂಗಡಿಯ ಹಿತ್ತಿಲಲ್ಲಿ ಮೂವತ್ತು ವರ್ಷಗಳ ಹಳೆಯ ಕೂಲರ್‌ಗಳು ಒಂದರ ಮೇಲೊಂದು ಬಿದ್ದಿದ್ದವು. ಒಂದರ ಮೋಟಾರು ಇನ್ನೊಂದಕ್ಕೆ, ಅದರ ಪಂಪು ಮತ್ತೊಂದಕ್ಕೆ. ನವೊಹೊವಾದಲ್ಲಿ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಕೂಲರ್ ಕೆಟ್ಟಿತೆಂದರೆ ಮನೆಯಲ್ಲಿ ಗಂಡ ಹೆಂಡಿರ ಜಗಳ ಖಾಯಂ. ಹಾಗಾಗಿ ಟಾಚೊಗೆ ಪಾದ್ರಿಗಿಂತ ಹೆಚ್ಚು ಮರ್ಯಾದೆ ಇತ್ತು. "ಹೊಸದೇ ತಗೊಳ್ಳೋದು ವಾಸಿ ಅಲ್ವಾ?" ಎಂದು ಯಾವ ಹೆಂಗಸಾದರೂ ಕೇಳಿದರೆ, "ನಿನ್ನ ಗಂಡನಿಗೂ ವಯಸ್ಸಾಯ್ತು, ಅವನನ್ನೂ ಬದಲಾಯಿಸ್ತೀಯೇನಮ್ಮ?" ಎನ್ನುತ್ತಿದ್ದ. ಬದಲಾಯಿಸ್ತೀನಿ ಎಂದವರೂ ಇದ್ದರು.

ನಾನು ರೊಸಾರಿಯೊ ಎಸ್ಕೆರ್. ಊರಿಗೆಲ್ಲ ಚಾಯೊ. ಅವನ ಅಂಗಡಿಯಿಂದ ಮೂರನೇ ಮನೆಯಲ್ಲಿ ಗೋಧಿಯ ತೊರ್ತಿಯ ರೊಟ್ಟಿ ಬೇಯಿಸಿ ಮಾರುತ್ತೇನೆ. ಅವನ ಮಗ ಆದ್ರಿಯಾನ್‌ಗೆ ಇಗರ್ಜಿಯಲ್ಲಿ ದೀಕ್ಷಾಸ್ನಾನ ಮಾಡಿಸಿದಾಗ ಮಗುವನ್ನು ಎತ್ತಿ ಹಿಡಿದು ನಿಂತವಳು ನಾನು. ಅಂದಿನಿಂದ ಟಾಚೊ ನನ್ನನ್ನು ಕರೆದದ್ದು 'ಕೊಮಾದ್ರೆ' ಎಂದೇ. ನಮ್ಮಲ್ಲಿ ಆ ನಂಟು ಒಡಹುಟ್ಟಿದವರ ನಂಟಿಗಿಂತ ಗಟ್ಟಿ. ಇದನ್ನೆಲ್ಲ ಬರೆಯುವಾಗ ನಾನು ಅವನ ಪರ ವಹಿಸಿದ್ದೇನೆಂದು ಯಾರಿಗಾದರೂ ಅನ್ನಿಸಿದರೆ ಅನ್ನಿಸಲಿ, ನನಗೇನೂ ಬೇಜಾರಿಲ್ಲ.

ಆದ್ರಿಯಾನ್‌ಗೆ ಇಪ್ಪತ್ತೆರಡು. ಒಂದು ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ, ದುರಸ್ತಿಯಾದ ಮೋಟಾರೊಂದನ್ನು ಯಾವುದೋ ತೋಟದ ಮನೆಗೆ ಮುಟ್ಟಿಸಿ ಬರುತ್ತೇನೆಂದು ಹೋದ. ಗಾಡಿ ಸಿಕ್ಕಿತು, ಗಾಡಿಯಲ್ಲಿ ಮೋಟಾರೂ ಇತ್ತು. ಅವನು ಇರಲಿಲ್ಲ. ನಾಲ್ಕು ತಿಂಗಳಾದ ಮೇಲೆ ಆಲೂಗಡ್ಡೆ ಮಂಡಿಯ ಕೆಲಸ ಮುಗಿಸಿ ಹೊರಟ ನನ್ನ ಮಗಳು ನೂಬಿಯಾ ಮನೆಗೆ ಬರಲಿಲ್ಲ. ಅವಳ ಮಾತು ಇಲ್ಲಿ ಬೇಡ. ಶುರು ಮಾಡಿದರೆ ಟಾಚೊ ಕಥೆ ಅಲ್ಲಿಗೇ ನಿಂತುಬಿಡುತ್ತದೆ.

ದೂರು ಕೊಡಲು ಸರ್ಕಾರದ ತನಿಖಾ ಕಚೇರಿಗೆ ಹೋದೆ. ಅರ್ಜಿಯಲ್ಲಿ ಫೋನ್ ನಂಬರ್ ಬರೆಯಿರಿ ಎಂದರು, ಬರೆದೆ. ಸಂಜೆಯ ಹೊತ್ತಿಗೆ ಫೋನ್ ಬಂತು. "ಇನ್ನೊಬ್ಬಳು ಮಗಳಿದ್ದಾಳಲ್ಲ, ಅವಳನ್ನಾದ್ರೂ ಚೆನ್ನಾಗಿ ನೋಡ್ಕೊಳ್ಳಿ" ಎಂದ ಒಬ್ಬ, ಬಹಳ ಮರ್ಯಾದೆಯ ದನಿಯಲ್ಲಿ. ಆ ನಂಬರು ಹೊಸದು. ಆ ಅರ್ಜಿ ಬಿಟ್ಟರೆ ಬೇರೆಲ್ಲೂ ನಾನು ಬರೆದಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಟಾಚೊನ ಮನೆಗೂ ಅಂಥದ್ದೇ ಫೋನ್ ಬಂದಿತ್ತು. ಅಂದಿನಿಂದ, ನಮ್ಮ ವಿಷಯ ಪರರ ಕೈಗೆ ಕೊಡಿ ಎಂದು ಯಾರು ಹೇಳಿದರೂ ನಮಗಿಬ್ಬರಿಗೂ ಮೈ ಉರಿಯುತ್ತಿತ್ತು.

ಹಾಗಾಗಿ ನಮ್ಮ ಮಕ್ಕಳನ್ನು ನಾವೇ ಹುಡುಕುತ್ತಿದ್ದೆವು. ಹನ್ನೊಂದು ಜನ, ಅದರಲ್ಲಿ ಹತ್ತು ಹೆಂಗಸರು, ಒಬ್ಬ ಟಾಚೊ. ಬುಧವಾರ ಮತ್ತು ಶನಿವಾರ ಹೊರಡುತ್ತಿದ್ದೆವು. ಎದೆಯೆತ್ತರದ ಚೂಪಾದ ಕಬ್ಬಿಣದ ಸರಳುಗಳಿಗೆ ಅಡ್ಡ ಹಿಡಿ ಬೆಸೆದು ಕೊಟ್ಟವನು ಅವನೇ. ಸರಳನ್ನು ನೆಲಕ್ಕೆ ತಳ್ಳಬೇಕು, ಎಳೆಯಬೇಕು, ತುದಿಯನ್ನು ಮೂಸಬೇಕು, ಕೊಳೆತ ವಾಸನೆ ಬಂದಲ್ಲಿ ಅಗೆಯಬೇಕು. ಸಿಕ್ಕವರನ್ನು ನಾವು ಹೆಣ ಎನ್ನುವುದಿಲ್ಲ, ನಿಧಿ ಎನ್ನುತ್ತೇವೆ. ಕೇಳಿದವರು ಮುಖ ಸಿಂಡರಿಸುತ್ತಾರೆ. ಅವರ ಮನೆಯಲ್ಲಿ ಯಾರೂ ಕಾಣೆಯಾಗಿಲ್ಲ, ಪುಣ್ಯವಂತರು.

ಆದರೆ ಎಲ್ಲಿ ಅಂತ ಚುಚ್ಚುವುದು? ಮಾಯೊ ನದಿಯ ಬಯಲು ಸಣ್ಣದಲ್ಲ. ಗೋಧಿ ಹೊಲ, ಆಲೂಗಡ್ಡೆ ಹೊಲ, ಅದರಾಚೆ ಕಣ್ಣು ಹಾಯುವವರೆಗೆ ಮುಳ್ಳು ಕಾಡು. ನೋಡಿದವರು ಯಾರಾದರೂ ಹೇಳಬೇಕು. ಕುರಿ ಕಾಯುವವನೋ, ಟ್ರ್ಯಾಕ್ಟರ್ ಓಡಿಸುವವನೋ, ಒಮ್ಮೊಮ್ಮೆ ಗುಂಡಿ ತೋಡಿದವನೇ. ಹೇಳಿದವನು ಇಂಥವನೆಂದು ಕೊಂದು ಹೂತ ಗ್ಯಾಂಗಿನವರಿಗೆ ಗೊತ್ತಾದರೆ ಅವನೂ ಮಣ್ಣಿಗೆ. ಅದಕ್ಕೇ ನಾವು ರೇಡಿಯೋದಲ್ಲಿ, ಗೋಡೆ ಬರಹದಲ್ಲಿ, ಇಗರ್ಜಿಯ ಬಾಗಿಲಲ್ಲಿ ಒಂದೇ ಮಾತು ಹೇಳುತ್ತಿದ್ದೆವು: ತಪ್ಪಿತಸ್ಥರು ಯಾರೆಂದು ನಾವು ಹುಡುಕುತ್ತಿಲ್ಲ, ನಮ್ಮ ಮಕ್ಕಳನ್ನು ಹುಡುಕುತ್ತಿದ್ದೇವೆ, ನಿಮ್ಮ ಹೆಸರು ನಮಗೆ ಬೇಡ.

ಆ ಮಾತಿಗಾಗಿ ಟಾಚೊ ಒಂದು ವೆಬ್‌ಸೈಟ್ ಮಾಡಿದ. ಕೂಲರ್ ರಿಪೇರಿಯವನಿಗೆ ಇದೆಲ್ಲ ಎಲ್ಲಿಂದ ಬಂತು ಎನ್ನಬೇಡಿ. ಕಂಪ್ಯೂಟರ್ ಬಂದ ಕಾಲದಲ್ಲಿ ಅವುಗಳನ್ನೂ ಬಿಚ್ಚಿ ಜೋಡಿಸಿ, ಇಂಟರ್ನೆಟ್ ಅಂಗಡಿ ಇಟ್ಟು, ಅದು ಮುಚ್ಚಿದ ಮೇಲೆ ಯಂತ್ರಗಳನ್ನು ಹಾಗೇ ಉಳಿಸಿಕೊಂಡಿದ್ದ. ಅವುಗಳಲ್ಲೊಂದು ಹಳೆಯ ಕಂಪ್ಯೂಟರನ್ನು ಸರ್ವರ್ ಮಾಡಿ ಅಂಗಡಿಯ ಒಳಕೋಣೆಯಲ್ಲಿ, ಊರಿನ ಅತ್ಯುತ್ತಮ ಕೂಲರಿನ ಎದುರಿಗಿಟ್ಟ. ಸೈಟಿನ ತುಂಬ ನಮ್ಮ ಮಕ್ಕಳ ಫೋಟೋಗಳು. ಕೆಳಗೆ ಒಂದು ಪೆಟ್ಟಿಗೆ. ಅದರಲ್ಲಿ ಯಾರು ಬೇಕಾದರೂ ಹೆಸರಿಲ್ಲದೆ ಬರೆದು ಕಳಿಸಬಹುದು.

ಸರ್ವರ್‌ಗಳಿಗೆ ಒಂದು ಚಾಳಿ ಇದೆಯಂತೆ. ಬಂದವರ ಹಾಜರಿಯನ್ನು ತಮ್ಮಷ್ಟಕ್ಕೆ ತಾವೇ ಬರೆದಿಡುತ್ತವಂತೆ: ಎಲ್ಲಿಂದ ಬಂದರು, ಎಷ್ಟು ಹೊತ್ತಿಗೆ, ಯಾವ ಫೋನಿನಿಂದ. ಟಾಚೊ ಮೊದಲ ದಿನವೇ ಆ ಹಾಜರಿ ಪುಸ್ತಕವನ್ನು ಮುಚ್ಚಿಬಿಟ್ಟಿದ್ದ. "ನನ್ನ ಯಂತ್ರಕ್ಕೆ ಕಣ್ಣೂ ಇಲ್ಲ, ನೆನಪೂ ಇಲ್ಲ" ಎಂದು ಬೀಗುತ್ತಿದ್ದ. ಬಂದ ಕಾಗದವನ್ನು ಓದಿ, ಜಾಗ ಗುರುತು ಮಾಡಿಕೊಂಡು, ಅಂದೇ ಅಳಿಸುತ್ತಿದ್ದ.

ಹಾಗೆ ಬರೆಯುತ್ತಿದ್ದವರಲ್ಲಿ ಒಬ್ಬನಿದ್ದ. ಅವನ ಮಾತಿನ ಧಾಟಿಯಿಂದಲೇ ಗುರುತು ಹತ್ತುತ್ತಿತ್ತು. ಚಿಕ್ಕ ಚಿಕ್ಕ ವಾಕ್ಯ, ಕೊನೆಗೆ ಯಾವಾಗಲೂ 'ತಾಯಂದಿರಿಗೆ ನಮಸ್ಕಾರ'. ಒಂದು ವರ್ಷದಲ್ಲಿ ಮೂರು ಸಲ ಬರೆದ, ಮೂರೂ ಸಲ ನಿಜವಾಯಿತು. ಒಂಬತ್ತು ನಿಧಿಗಳು ತಮ್ಮ ತಮ್ಮ ಮನೆ ಸೇರಿದವು. ನಾವು ಅವನಿಗೆ 'ನೆಂಟ' ಎಂದು ಹೆಸರಿಟ್ಟೆವು. "ನೆಂಟ ಬರೆದಿದ್ದಾನಂತೆ" ಎಂದು ಒಬ್ಬಳು ಪಿಸುಗುಟ್ಟಿದರೆ ಸಾಕು, ನಾನು ಹಂಚಿನ ಮೇಲಿನ ತೊರ್ತಿಯವನ್ನು ಸೀಯಲು ಬಿಟ್ಟು ಓಡುತ್ತಿದ್ದೆ.

ಆ ಮೇ ತಿಂಗಳಲ್ಲಿ ಸೈಟು ಬೀಳತೊಡಗಿತು. ಬೆಳಿಗ್ಗೆ ಇದ್ದರೆ ಮಧ್ಯಾಹ್ನ ಇಲ್ಲ. ಟಾಚೊ ಮತ್ತೆ ಎಬ್ಬಿಸುತ್ತಿದ್ದ, ಅದು ಮತ್ತೆ ಮಲಗುತ್ತಿತ್ತು. ಸೆಖೆ ಇರಬೇಕು ಎಂದುಕೊಂಡು ಎರಡನೇ ಕೂಲರ್ ಹಚ್ಚಿದ, ತಂತಿ ಬದಲಿಸಿದ, ಏನೂ ಆಗಲಿಲ್ಲ. ಅಷ್ಟರಲ್ಲಿ ಒಂದು ಶುಕ್ರವಾರ ನೆಂಟನಿಂದ ಅರ್ಧ ಕಾಗದ ಬಂತು. ಟಾಚೊ ಅದನ್ನು ಹಾಳೆಯ ಮೇಲೆ ಇಳಿಸಿಕೊಂಡು ನನ್ನ ಅಡುಗೆಮನೆಗೆ ತಂದ. ಅದರಲ್ಲಿ ಇಷ್ಟೇ ಇತ್ತು: 'ಏಳು ಜನ ಇದ್ದಾರೆ. ನೀರು ಮಣ್ಣು ಕೊರೆದು ಒಬ್ಬ ಕಾಣುತ್ತಾನೆ. ಸೊಂಟದ ಬೆಲ್ಟಿನ ಬಿಲ್ಲೆಯಲ್ಲಿ ಹುಂಜ. ಜಾಗ'. ಅಲ್ಲಿಗೆ ಕಡಿದುಹೋಗಿತ್ತು. ಸರ್ವರ್ ಬಿದ್ದಿತ್ತು.

ಹುಂಜದ ಬಿಲ್ಲೆ ಆದ್ರಿಯಾನ್‌ದು. ಹಿತ್ತಾಳೆ ತಗಡಿನಲ್ಲಿ ಟಾಚೊ ತಾನೇ ಕೊರೆದು ಮಗನ ಹದಿನೆಂಟನೇ ಹುಟ್ಟುಹಬ್ಬಕ್ಕೆ ಕೊಟ್ಟದ್ದು. ಹುಂಜದ ಕಾಲು ಸೊಟ್ಟಗಾಗಿತ್ತು, ನಾವೆಲ್ಲ ಅದಕ್ಕೆ ನಕ್ಕಿದ್ದೆವು.

ಭಾನುವಾರ ಪೂಜೆ ಮುಗಿಸಿ ಹನ್ನೊಂದೂ ಜನ ನನ್ನ ಮನೆಯಲ್ಲಿ ಸೇರಿದೆವು. ಮಾರಿಕ್ರೂಸ್ ನಮ್ಮ ರಾಜ್ಯದ ರಾಜಧಾನಿ ಎರ್ಮೊಸಿಯೊದಿಂದ ಬಸ್ಸು ಹತ್ತಿ ಬಂದಿದ್ದಳು. ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು. ಅಲ್ಲಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಕೆಲಸ. ಕಾಣೆಯಾದವನು ಅವಳ ಅಣ್ಣ. ಬೇಯಿಸಿದ ಕಾಳಿನ ಬಟ್ಟಲನ್ನು ಮುಟ್ಟದೆ ನೇರವಾಗಿ ಮಾತಿಗಿಳಿದಳು.

"ದೋನ್ ಟಾಚೊ, ಬೇಜಾರು ಮಾಡ್ಕೋಬೇಡಿ. ಇದು ರಿಪೇರಿ ಮಾಡೋ ಮಾತಲ್ಲ. ನಿಮ್ಮ ಸರ್ವರ್ ಸಾಫ್ಟ್‌ವೇರ್ ಮೂರು ವರ್ಷ ಹಳೇದು. ಅದ್ರಲ್ಲಿ ಎಲ್ಲೆಲ್ಲಿ ತೂತಿದೆ ಅಂತ ಪ್ರಪಂಚಕ್ಕೇ ಗೊತ್ತು. ಗೊತ್ತಿರೋನು ಯಾರು ಬೇಕಾದ್ರೂ ಒಳಗೆ ಬರಬಹುದು."

"ಬರಲಿ. ಖಾಲಿ ಮನೆಗೆ ಬಂದ ಕಳ್ಳ ಏನು ಹೊತ್ಕೊಂಡು ಹೋಗ್ತಾನೆ? ಹೆಸರಿಲ್ಲ, ವಿಳಾಸ ಇಲ್ಲ, ಹಳೇ ಕಾಗದ ಒಂದೂ ಇಲ್ಲ."

"ತೂತು ಮುಚ್ಚೋ ಹೊಸ ತೇಪೆನಾದ್ರೂ ಹಾಕಿದ್ರಾ?"

"ಹೋದ ವರ್ಷ ಹಾಕಿದ್ದೆ. ಪೆಟ್ಟಿಗೆ ಕೆಲಸ ಮಾಡೋದನ್ನೇ ಬಿಡ್ತು. ತೆಗೆದುಹಾಕ್ದೆ."

ಮಾರಿಕ್ರೂಸ್ ಹಣೆ ಒತ್ತಿಕೊಂಡಳು. "ಇಂಥ ಕೆಲಸಕ್ಕೇ ಅಂತ ಮಾಡಿರೋ ಬೇರೆ ವ್ಯವಸ್ಥೆ ಇದೆ. ಬರೆದೋರ ಫೋನಿನಲ್ಲೇ ಕಾಗದಕ್ಕೆ ಬೀಗ ಬೀಳುತ್ತೆ. ಕೀಲಿ ನಮ್ಮ ಹತ್ರ ಮಾತ್ರ. ನಡುವೆ ಯಾರು ಕದ್ರೂ ಅವರಿಗೆ ಏನೂ ಅರ್ಥ ಆಗಲ್ಲ. ಎರಡು ವಾರ ಕೊಡಿ, ಅಲ್ಲಿಗೆ ಹೋಗಿಬಿಡೋಣ. ಅಲ್ಲೀವರೆಗೆ ಇದನ್ನ ಮುಚ್ಚೋಣ."

"ಯಾರ ಮನೇಲಿರುತ್ತೆ ಅದು?"

"ಬೇರೆ ದೇಶದಲ್ಲಿ. ಒಳ್ಳೆ ಜನ, ನಂಗೆ ಗೊತ್ತು."

"ಆ ಕಚೇರಿಯೋರೂ ಒಳ್ಳೆ ಜನಾನೇ. ಚಾಯೊಗೆ ಕಾಫಿ ಕೊಟ್ಟಿದ್ರು," ಎಂದ ಟಾಚೊ. ಎಲ್ಲರೂ ನನ್ನ ಕಡೆ ನೋಡಿದರು. "ಅದಿರಲಿ ಮಗಳೇ. ಮುಚ್ಚಿದ ದಿನ ನೆಂಟ ಬಂದ್ರೆ? ಅವನಿಗೆ ಗೊತ್ತಿರೋದು ಈ ಒಂದು ಬಾಗಿಲು. ಜಾಗ ಹೇಳಕ್ಕೆ ಬಂದೋನು ಬೀಗ ನೋಡಿ ಹೋಗಿಬಿಟ್ರೆ ಮತ್ತೆ ಬರ್ತಾನಾ?"

"ಹೊಸ ವಿಳಾಸನ ರೇಡಿಯೋದಲ್ಲಿ ಹೇಳೋಣ."

"ರೇಡಿಯೋದಲ್ಲಿ ಹೇಳಿದ್ರೆ, ಸೈಟಿಗೇನೋ ಆಗಿದೆ ಅಂತ ಹೆದರ್ಕೋತಾನೆ. ನೆಗಡಿ ಬಂತು ಅಂತ ಮೂಗು ಕುಯ್ಕೋತಾರಾ? ನಂಗೆ ಸ್ವಲ್ಪ ದಿನ ಕೊಡಿ. ಎಲ್ಲಿ ಕೆಡ್ತಾ ಇದೆ ಅಂತ ಹುಡುಕ್ತೀನಿ. ಆಮೇಲೆ ನೀವು ಹೇಳಿದಲ್ಲಿಗೆ ಹೋಗೋಣ."

"ಇದು ನೆಗಡಿ ಅಲ್ಲ ದೋನ್ ಟಾಚೊ. ಆ ಮನುಷ್ಯನ ಜೀವದ ಪ್ರಶ್ನೆ."

"ನನ್ನ ಮಗನ ಪ್ರಶ್ನೇನೂ ಹೌದಲ್ವಾ."

ಅವನ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು, ನಾವು ಅವನ ಮೇಲೆ ರೇಗಬಹುದಿತ್ತು. ರಿಪೇರಿಯೇ ಆಗಲಿ ಎನ್ನುವವರು ಕೈ ಎತ್ತಿ ಎಂದಾಗ ಆರು ಕೈ ಎದ್ದವು. ಆರನೆಯದು ನನ್ನದು. ಸರ್ವರ್ ಬಗ್ಗೆ ನನಗೆ ಗೊತ್ತಿದ್ದುದು ಸೊನ್ನೆ. ನಾನು ಕೈ ಎತ್ತಿದ್ದು ಸೊಟ್ಟಕಾಲಿನ ಹುಂಜಕ್ಕೆ. ಮಾರಿಕ್ರೂಸ್ ವಾದ ಮಾಡಲಿಲ್ಲ, ತಣ್ಣಗಾದ ಕಾಳು ತಿಂದು ನಾಲ್ಕರ ಬಸ್ಸಿಗೆ ಹೋದಳು.

ಟಾಚೊ ಒಂಬತ್ತು ದಿನ ಆ ಯಂತ್ರದ ಮುಂದೆ ಕೂತ. ಗಿರಾಕಿಗಳು ಕೂಲರ್ ಹೊತ್ತು ತಂದು ಹಾಗೇ ಹೊತ್ತುಕೊಂಡು ಹೋದರು. ಮಧ್ಯಾಹ್ನ ನಾನು ಒಣಮಾಂಸ ಸುತ್ತಿದ ತೊರ್ತಿಯ ಒಯ್ಯುತ್ತಿದ್ದೆ. ಮೂರನೇ ದಿನವೋ ನಾಲ್ಕನೇ ದಿನವೋ ಪರದೆಯ ಮೇಲೆ ಸಾಲು ಸಾಲು ಅಕ್ಷರ ಓಡುತ್ತಿರುವುದನ್ನು ಕಂಡು ಏನಿದು ಎಂದು ಕೇಳಿದೆ.

"ಹಾಜರಿ ಪುಸ್ತಕ ತೆಗೆದಿದ್ದೀನಿ ಕೊಮಾದ್ರೆ."

"ತೆಗೆಯಲ್ಲ ಅಂದಿದ್ಯಲ್ಲ?"

"ಯಾರು ಬಂದಾಗ ಬೀಳುತ್ತೆ, ಏನು ಕಳಿಸಿದಾಗ ಬೀಳುತ್ತೆ ಅಂತ ನೋಡದೆ ಕಾಯಿಲೆ ಹೇಗೆ ಹಿಡಿಯೋದು? ಕೂಲರ್ ಆದ್ರೆ ಮುಚ್ಚಳ ತೆಗೆದು ಓಡಿಸಿ ಸದ್ದು ಕೇಳ್ತೀನಲ್ಲ, ಹಾಗೇ ಇದೂನು. ಎಲ್ಲಾ ಬರ್ಕೋ ಅಂದಿದ್ದೀನಿ. ಊರು, ಹೊತ್ತು, ಫೋನು, ಬರೆದ ಮಾತು, ಎಲ್ಲಾ. ಸಿಕ್ಕಿದ ದಿನವೇ ಮುಚ್ಚಿ ಸುಟ್ಟುಹಾಕ್ತೀನಿ."

ಇದು ಸರಿಯಲ್ಲ ಎಂದು ನನಗೆ ಅನ್ನಿಸಿತು. ಅನ್ನಿಸಿದ್ದನ್ನು ಹೇಳಲಿಲ್ಲ. ತಿಂಗಳುಗಟ್ಟಲೆ ಹಾರೆ ಹಿಡಿದ ಕೈಗಳಿಗೆ ಆ ಒಂಬತ್ತು ದಿನ ಸರಿಯಾದ ಕೆಲಸ ಸಿಕ್ಕಿತ್ತು, ಮುಖಕ್ಕೆ ಸ್ವಲ್ಪ ಕಳೆ ಬಂದಿತ್ತು. ತಿನ್ನು ತಿನ್ನು ಎಂದು ಹೇಳಿ ಬಂದೆ.

ಒಂಬತ್ತನೇ ದಿನ, ಮಂಗಳವಾರ ಬೆಳಿಗ್ಗೆ ಕಾಯಿಲೆ ಸಿಕ್ಕಿತು. ಯಾರಾದರೂ ಕಾಗದದ ಜೊತೆ ಫೋಟೋ ಕಳಿಸಿದರೆ ಅದು ಮೊದಲು ಬಂದು ಕೂರುವ ಜಾಗ ತೀರ ಸಣ್ಣದಾಗಿತ್ತಂತೆ. ಅದು ತುಂಬಿದ ಕೂಡಲೇ ಸರ್ವರ್ ಉಸಿರು ಬಿಡುತ್ತಿತ್ತು. ಆ ಶುಕ್ರವಾರ ನೆಂಟ ಬಿಲ್ಲೆಯ ಫೋಟೋ ಕಳಿಸಲು ಹೋಗಿ ಹಾಗಾಗಿರಬೇಕು. ಟಾಚೊ ಜಾಗ ದೊಡ್ಡದು ಮಾಡಿದ. ಬೇಕೆಂದೇ ಹತ್ತು ಫೋಟೋ ಕಳಿಸಿ ನೋಡಿದ, ಸೈಟು ಅಲುಗಲಿಲ್ಲ. ಬೀದಿಗೆ ಬಂದು ನನ್ನನ್ನು ಕೂಗಿ ಕರೆದ. ಸಂಜೆವರೆಗೆ ನೋಡಿ ಆಮೇಲೆ ಹಾಜರಿ ಪುಸ್ತಕ ಮುಚ್ಚುತ್ತೇನೆ ಎಂದ.

ಸಂಜೆ ಐದೂವರೆಗೆ ನೆಂಟ ಬಂದ. ಈ ಸಲ ಕಾಗದ ಪೂರ್ತಿ ಇತ್ತು. ಯಾವ ಕಾಲುವೆ, ಯಾವ ತೂಬು, ತೂಬಿನಿಂದ ಎಷ್ಟು ಹೆಜ್ಜೆ. ಕೊನೆಗೆ 'ತಾಯಂದಿರಿಗೆ ನಮಸ್ಕಾರ, ಬಿಲ್ಲೆಯವನ ತಾಯಿಗೂ' ಎಂದಿತ್ತು. ಬಿಲ್ಲೆಯವನ ತಾಯಿ ಸತ್ತು ಆರು ವರ್ಷವಾಗಿತ್ತು. ಟಾಚೊ ಅದನ್ನು ಎರಡು ಸಲ ಓದಿ, ಕುರ್ಚಿಯಿಂದೆದ್ದು, ಸರಳುಗಳನ್ನು ಗಾಡಿಗೆ ಹಾಕತೊಡಗಿದ.

ಬುಧವಾರ ಅಗೆದೆವು. ಏಳು ಜನ ಇದ್ದರು. ಮೂರನೆಯವನ ಬಿಲ್ಲೆಯನ್ನು ನಾನೇ ಸೆರಗಿನಂತೆ ಕಟ್ಟಿಕೊಂಡಿದ್ದ ಅಡುಗೆ ಬಟ್ಟೆಯ ತುದಿಯಿಂದ ಒರೆಸಿ ಟಾಚೊನ ಕೈಗೆ ಕೊಟ್ಟೆ. ಟಾಚೊ ಅಳಲಿಲ್ಲ. ಮಗನ ಪಕ್ಕದಲ್ಲಿ ಮಣ್ಣಿನ ಮೇಲೆ ಕಾಲು ಚಾಚಿಕೊಂಡು, ದಣಿದವರು ಕೂರುವ ಹಾಗೆ ಕೂತ. ಸರ್ಕಾರಿ ಗಾಡಿ ಬಂದು ಏಳೂ ಜನರನ್ನು ಎರ್ಮೊಸಿಯೊಗೆ ಒಯ್ದಾಗ ಅದರ ಹಿಂದೆಯೇ ತನ್ನ ಗಾಡಿಯಲ್ಲಿ ಹೋದ. ಅಲ್ಲಿಯ ಶವಾಗಾರದ ಹೊರಗಿನ ಬೆಂಚಿನ ಮೇಲೆ ಭಾನುವಾರದವರೆಗೆ ಇದ್ದ.

ಅಂಗಡಿಯ ಒಳಕೋಣೆಯಲ್ಲಿ ಸರ್ವರ್ ಓಡುತ್ತಿತ್ತು. ಹಾಜರಿ ಪುಸ್ತಕ ತೆರೆದೇ ಇತ್ತು. ಮಗ ಸಿಕ್ಕಿದ ಮನುಷ್ಯನಿಗೆ ಅದು ನೆನಪಾಗಲಿಲ್ಲ. ನನಗೆ ನೆನಪಾಗಬೇಕಿತ್ತು, ಆಗಲಿಲ್ಲ. ಆ ನಾಲ್ಕು ದಿನ ನಾನು ಬೇರೆ ಆರು ನಿಧಿಗಳಲ್ಲಿ ಹೆಂಗಸರು ಯಾರಾದರೂ ಇದ್ದಾರೆಯೇ ಎಂದು ಫೋನ್ ಮಾಡಿ ಮಾಡಿ ಕೇಳುತ್ತಿದ್ದೆ.

ಏಳು ಜನ ಸಿಕ್ಕಿದ್ದು ಪತ್ರಿಕೆಯಲ್ಲಿ ಬಂತು. ಹೂತವರೂ ಪತ್ರಿಕೆ ಓದುತ್ತಾರೆ. ಯಾರು ಹೇಳಿದರು ಎಂದು ಅವರು ಹುಡುಕಲು ಹೊರಟರು, ಕಂಪ್ಯೂಟರ್ ಗೊತ್ತಿರುವ ಯಾರನ್ನೋ ಹಿಡಿದು ನಮ್ಮ ಸೈಟನ್ನು ಜಾಲಾಡಿಸಿದರು. ಶುಕ್ರವಾರ ಮಧ್ಯಾಹ್ನ ನಾಲ್ಕು ಗಂಟೆಗೆ, ಮಾರಿಕ್ರೂಸ್ ಹೇಳಿದ್ದ ಅದೇ ತೂತಿನಿಂದ ಯಾರೋ ಒಳಗೆ ಬಂದು ಹಾಜರಿ ಪುಸ್ತಕವನ್ನು ಇಡಿಯಾಗಿ ಎತ್ತಿಕೊಂಡು ಹೋದರು. ಇದು ನಮಗೆ ಗೊತ್ತಾದದ್ದು ಮುಂದಿನ ಮಂಗಳವಾರ.

ಆ ಮಂಗಳವಾರ ಟಾಚೊ ನನ್ನ ಒಲೆಯ ಹತ್ತಿರ ಬಂದು ನಿಂತ. ಕೂರು ಎಂದರೆ ಕೂರಲಿಲ್ಲ.

"ಪಿತಾಯಾಸ್ ಹಳ್ಳೀಲಿ ಒಬ್ಬ ಕಾಣೆಯಾಗಿದ್ದಾನಂತೆ. ನಿನ್ನೆಯಿಂದ."

"ಯಾರು?"

"ಲಿಬ್ರಾದೊ ಬುಯ್ತಿಮೆಯಾ. ಕಾಲುವೆ ತೂಬು ತೆಗೆದು ಹಾಕೋ ಕೆಲಸದೋನು. ಮೋಟಾರ್‌ಸೈಕಲ್ ದಂಡೆ ಮೇಲೆ ಬಿದ್ದಿತ್ತಂತೆ." ಅವನು ತುಟಿ ಒದ್ದೆ ಮಾಡಿಕೊಂಡ. "ಈಗ ಹೋಗಿ ಪುಸ್ತಕ ತೆಗೆದು ನೋಡ್ದೆ. ನೆಂಟನ ಆ ಕೊನೇ ಕಾಗದ ಪಿತಾಯಾಸ್‌ನಿಂದ ಬಂದಿದೆ. ಅಲ್ಲಿರೋದು ಹನ್ನೆರಡು ಮನೆ. ಇಡೀ ಹಳ್ಳಿಗೆ ಇಂಟರ್ನೆಟ್ಟಿನ ಕಂಬ ಒಂದೇ. ಅದ್ರಲ್ಲಿ ಕಾಲುವೆ ಉದ್ದಕ್ಕೂ ದಿನಾ ಓಡಾಡೋನು ಒಬ್ಬನೇ."

ನಾನು ಒಲೆ ಆರಿಸಿದೆ. "ಅವರಿಗೆ ಹೇಗೆ ಗೊತ್ತಾಯ್ತು?"

"ನಾನೇ ಬರೆದಿಟ್ಟಿದ್ದೆನಲ್ಲ. ಬಂದು ಓದ್ಕೊಂಡು ಹೋದ್ರು. ಮಾರಿಕ್ರೂಸ್ ಅಲ್ಲಿಂದಲೇ ನೋಡಿ ಹೇಳಿದ್ಲು, ಯಾವ ದಿನ, ಎಷ್ಟು ಹೊತ್ತಿಗೆ ಅಂತ."

ಕಳ್ಳನಿಗೆ ಕದಿಯಲು ಏನೂ ಇಲ್ಲದ ಮನೆ ಎಂದವನು, ಆ ಮನೆಯಲ್ಲಿದ್ದ ಒಂದೇ ಒಂದು ಒಡವೆಯನ್ನು ತಾನೇ ಮಾಡಿ ಹೊಸಿಲ ಮೇಲಿಟ್ಟು ಹೋಗಿದ್ದ. ಆ ಹೊತ್ತಿನಲ್ಲಿ ನನಗೆ ಅವನ ಮೇಲೆ ಬಂದ ಸಿಟ್ಟು ಎಂಥದ್ದೆಂದರೆ, ಕೈಯಲ್ಲಿದ್ದ ಲಟ್ಟಣಿಗೆಯಿಂದ ಹೊಡೆಯಬೇಕೆನಿಸಿತು. ಮರುಕ್ಷಣ ಅದೇ ಸಿಟ್ಟು ನನ್ನ ಕಡೆಗೇ ತಿರುಗಿತು. 

ಗುರುವಾರ ಬೆಳಿಗ್ಗೆ ಹತ್ತಕ್ಕೆ ಲಿಬ್ರಾದೊನ ಹೆಂಡತಿ ರಮೋನಾ ಅಂಗಡಿಗೆ ಬಂದಳು. ನಾನು ಅಲ್ಲೇ ಇದ್ದೆ, ಟಾಚೊಗೆ ಕಾಫಿ ತಂದಿದ್ದೆ. ಐವತ್ತರ ಹೆಂಗಸು, ಮಾಯೊ ಜನರ ಹೂವಿನ ಕಸೂತಿಯ ರವಿಕೆ, ಕಾಲಿಗೆ ಗಂಡನದಿರಬೇಕು, ದೊಡ್ಡ ಚಪ್ಪಲಿ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಫೋಟೋ ಒಂದನ್ನು ಮೇಜಿನ ಮೇಲಿಟ್ಟಳು.

"ಇವರ ಫೋಟೋ ಹಾಕ್ಬೇಕಿತ್ತು. ಇಲ್ಲಿ ಹಾಕಿದ್ರೆ ಸಿಗ್ತಾರೆ ಅಂದ್ರು."

ಟಾಚೊ ಫೋಟೋ ತೆಗೆದುಕೊಂಡ. ಬಿಸಿಲಿಗೆ ಕಣ್ಣು ಕಿರಿದು ಮಾಡಿದ, ಹುಲ್ಲಿನ ಟೋಪಿಯ ಒಬ್ಬ ಮನುಷ್ಯ. ನೆಂಟನ ಮುಖವನ್ನು ನಾವು ಮೊದಲ ಸಲ ನೋಡಿದ್ದು ಹಾಗೆ. ಟಾಚೊ ಕಂಪ್ಯೂಟರ್ ಮುಂದೆ ಕೂತು ಎಲ್ಲರನ್ನೂ ಕೇಳುವುದನ್ನು ಕೇಳತೊಡಗಿದ. ಎತ್ತರ ಎಷ್ಟು, ಯಾವ ಅಂಗಿ, ಗಾಯದ ಗುರುತು ಏನಾದರೂ ಉಂಟೆ. ಅವಳು ಹೇಳಿದಳು, ಅವನು ಎರಡೇ ಬೆರಳಲ್ಲಿ ಕುಟ್ಟಿದ. ಎಡ ಮೊಣಕೈ ಮೇಲೆ ತೂಬಿನ ಚಕ್ರ ಬಡಿದ ಗಾಯ.

"ಯಾರಾದ್ರೂ ನೋಡಿರ್ತಾರೆ," ಎಂದಳು ರಮೋನಾ. "ನಿಮ್ಮ ಪೆಟ್ಟಿಗೇಲಿ ಹೆಸರು ಹೇಳ್ದೆ ಬರೀಬಹುದಂತಲ್ಲ. ಬರೆದೋರಿಗೆ ಏನೂ ತೊಂದ್ರೆ ಆಗಲ್ಲ ತಾನೆ? ಹಳ್ಳೀಲಿ ಎಲ್ಲಾ ಹೆದರ್ತಾರೆ. ನಾನು ಹೋಗಿ ಧೈರ್ಯ ಹೇಳ್ಬೇಕು."

ಟಾಚೊನ ಬೆರಳು ನಿಂತಿತು. ಇಲ್ಲಮ್ಮ, ಏನೂ ಆಗಲ್ಲ ಎಂದುಬಿಡು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ನಾಚಿಕೆಗೇಡು, ಆದರೂ ಬೇಡಿಕೊಂಡೆ.

"ಆಗುತ್ತೆ," ಎಂದ ಅವನು. "ಆಗಿಹೋಯ್ತು."

ಆಮೇಲೆ ಎಲ್ಲವನ್ನೂ ಹೇಳಿದ. ಒಂದನ್ನೂ ಮುಚ್ಚಿಡಲಿಲ್ಲ, ಒಂದಕ್ಕೂ ನೆಪ ಹೇಳಲಿಲ್ಲ. ಅರ್ಧ ಕಾಗದ, ಒಂಬತ್ತು ದಿನ, ಹಾಜರಿ ಪುಸ್ತಕ, ಬುಧವಾರ, ಶುಕ್ರವಾರ. ರಮೋನಾ ಕಂಪ್ಯೂಟರಿನ ಪರದೆ ನೋಡುತ್ತ ಕೇಳಿಸಿಕೊಂಡಳು.

"ಬರೀತಿದ್ದದ್ದು ಇವರಾ? ನಂಗೂ ಹೇಳಿರ್ಲಿಲ್ಲ," ಎಂದಳು ಕೊನೆಗೆ. ಆಮೇಲೆ, "ನಿಮ್ಮ ಮಗ ಸಿಕ್ಕಿದ್ನಾ?"

"ಸಿಕ್ಕಿದ."

"ಹಳೇ ಯಂತ್ರ ಬಿಟ್ಟು ಬೇರೆ ಕಡೆ ಹೋಗಿ ಅಂತ ಯಾರೂ ಹೇಳ್ಲಿಲ್ವಾ ನಿಮಗೆ?"

"ಹೇಳಿದ್ರು. ನಾನು ಕೇಳ್ಲಿಲ್ಲ."

"ನೀವೊಬ್ಬರೇ?"

"ನಾನೊಬ್ಬನೇ."

ಅದು ಸುಳ್ಳು. ನಾನು ಕಾಫಿಯ ಲೋಟ ಹಿಡಿದು ಮೂರಡಿ ದೂರದಲ್ಲಿ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಜಗಳಗಂಟಿ ಎಂದು ಬೀದಿಯಲ್ಲೆಲ್ಲ ಹೆಸರು ಮಾಡಿದವಳು ನಾನು, ಅವತ್ತು ನನ್ನ ನಾಲಗೆ ಬಿದ್ದುಹೋಗಿತ್ತು. ರಮೋನಾ ಎದ್ದಳು. ಫೋಟೋ ಹಿಂದಕ್ಕೆ ತೆಗೆದುಕೊಳ್ಳುತ್ತಾಳೆಂದುಕೊಂಡೆ. "ಫೋಟೋ ಹಾಕಿ," ಎಂದು ಹೇಳಿ ಹೋದಳು.

ಹೊಸ ವ್ಯವಸ್ಥೆಗೆ ನಾವು ಹೋದೆವು. ಎರಡು ವಾರ ಬೇಕೆಂದಿದ್ದ ಮಾರಿಕ್ರೂಸ್ ಆರೇ ದಿನದಲ್ಲಿ ಮುಗಿಸಿದಳು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ನಾನು ಮೊದಲೇ ಹೇಳಿರಲಿಲ್ಲವೇ ಎಂದು ಅವಳು ಒಂದು ಸಲವೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತು. ಹೊಸ ಪೆಟ್ಟಿಗೆಗೆ ಎಂಟು ತಿಂಗಳಲ್ಲಿ ಒಂದು ಕಾಗದವೂ ಬಂದಿಲ್ಲ. ಲಿಬ್ರಾದೊನ ಸುದ್ದಿ ಬಯಲಿನ ಹಳ್ಳಿಹಳ್ಳಿಗೂ ಹೋಗಿದೆ. ಬೀಗ ಎಷ್ಟು ಗಟ್ಟಿ ಎಂದು ರೇಡಿಯೋದಲ್ಲಿ ಎಷ್ಟು ಸಲ ಹೇಳಿದರೂ ಯಾರೂ ನಂಬುವುದಿಲ್ಲ. ನಾನಾದರೂ ನಂಬುತ್ತಿರಲಿಲ್ಲ.

ಟಾಚೊ ಆ ಹಳೆಯ ಕಂಪ್ಯೂಟರಿನ ಡಿಸ್ಕನ್ನು ತೆಗೆದು ಡ್ರಿಲ್ಲಿನಿಂದ ಹನ್ನೆರಡು ಕಡೆ ತೂತು ಮಾಡಿದ. ಸರ್ಕಾರದ ಪರೀಕ್ಷೆಗಳೆಲ್ಲ ಮುಗಿದು ಸೆಪ್ಟೆಂಬರಿನಲ್ಲಿ ಆದ್ರಿಯಾನ್‌ನನ್ನು ತಾಯಿಯ ಪಕ್ಕದಲ್ಲಿ ಮಣ್ಣು ಮಾಡಿದೆವು. ತಮ್ಮವರು ಸಿಕ್ಕ ಮೇಲೆ ಮನೆಯಲ್ಲಿ ಉಳಿಯುವವರುಂಟು, ಅವರನ್ನು ಯಾರೂ ಏನೂ ಅನ್ನುವುದಿಲ್ಲ. ಟಾಚೊ ಮನೆಯಲ್ಲಿ ಉಳಿಯಲಿಲ್ಲ, ನಮ್ಮ ಜೊತೆಯೂ ಬರಲಿಲ್ಲ. ಶನಿವಾರ ಬೆಳಿಗ್ಗೆ ಪಿತಾಯಾಸ್‌ಗೆ ಹೋಗುತ್ತಿದ್ದ. ರಮೋನಾ ತನ್ನ ತಂಗಿಯ ಜೊತೆ ಕಾಲುವೆಯ ದಂಡೆಯ ಮೇಲೆ ಸರಳು ಊರುತ್ತ ನಡೆದರೆ, ಇವನು ಐವತ್ತು ಹೆಜ್ಜೆ ಹಿಂದೆ. ಬಾ ಎಂದು ಅವಳು ಕರೆಯಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಮನುಷ್ಯ ಅರ್ಧಕ್ಕರ್ಧ ಇಳಿದುಹೋದ. ಅಂಗಿ ಮೊಳೆಗೆ ತೂಗುಹಾಕಿದಂತೆ ಕಾಣುತ್ತಿತ್ತು.

ಫೆಬ್ರವರಿಯಲ್ಲಿ ನನಗೆ ತಡೆಯಲಾಗಲಿಲ್ಲ. ಬಸ್ಸು ಹತ್ತಿ ಪಿತಾಯಾಸ್‌ಗೆ ಹೋದೆ. ರಮೋನಾ ಅಂಗಳದ ಒಲೆಯಲ್ಲಿ ಜೋಳದ ತೊರ್ತಿಯ ಬೇಯಿಸುತ್ತಿದ್ದಳು. ನಾನು ಯಾರೆಂದು ಅವಳಿಗೆ ಗುರುತು ಸಿಕ್ಕಿತು. ಕೂರಲು ಬಕೆಟ್ ಒಂದನ್ನು ಬೋರಲು ಹಾಕಿಕೊಟ್ಟಳು.

"ಟಾಚೊ ನಿನಗೆ ಒಂದು ಸುಳ್ಳು ಹೇಳಿದ್ದಾನೆ," ಎಂದೆ. "ಅದು ಅವನೊಬ್ಬನ ತೀರ್ಮಾನ ಅಲ್ಲ. ನಾವು ಕೈ ಎತ್ತಿ ತೀರ್ಮಾನ ಮಾಡಿದ್ವಿ. ನಾನೂ ಎತ್ತಿದ್ದೆ. ಹಾಜರಿ ಪುಸ್ತಕ ತೆರೆದಿದ್ದಾನೆ ಅಂತಾನೂ ನಂಗೆ ಗೊತ್ತಿತ್ತು."

ಅವಳು ತೊರ್ತಿಯ ಮಗುಚಿದಳು. ಅದು ಉಬ್ಬುವವರೆಗೆ ಕಾದು, ತೆಗೆದು, ಬಟ್ಟೆಯಲ್ಲಿ ಸುತ್ತಿದಳು.

"ಎಷ್ಟು ಕೈ ಎದ್ದಿದ್ವು?"

"ಆರು. ಅವನದೂ ಸೇರಿ."

"ಮತ್ತೆ ಅವರೊಬ್ಬರೇ ಯಾಕೆ ಬರ್ತಾ ಇದ್ದಾರೆ?" ಎಂದಳು.  ಅವಳು ಇನ್ನೊಂದು ಉಂಡೆ ಎತ್ತಿಕೊಂಡಳು. "ಉಳಿದ ಐದು ಜನಾನೂ ಶನಿವಾರ ಬನ್ನಿ. ಕಾಲುವೆ ಬಹಳ ಉದ್ದ ಇದೆ."